ಹರಿದ ಎಲೆ

ಶಿರಾಳಕೊಪ್ಪದ ನಮ್ಮ ಬೀದಿಯ ಊಟಗಳಿಗೆಲ್ಲ ಒಬ್ಬರೇ ಅಡುಗೆಯವರು. ಯಾರು ಏನು ಬೇಡವೆಂದರೂ ಕಾರಣ ಕೇಳುತ್ತಿರಲಿಲ್ಲ. ಒದ್ದೆ ಕೈಯನ್ನು ಹೆಗಲ ವಸ್ತ್ರಕ್ಕೆ ಒರೆಸುತ್ತಾ, “ಒಗ್ಗಲ್ಲಂದ್ರೆ ಒಗ್ಗಲ್ಲ, ಬಿಡ್ರೀ” ಅನ್ನುತ್ತಿದ್ದರು.

ನನಗೆ ಶೇಂಗಾ ಒಗ್ಗುತ್ತಿರಲಿಲ್ಲ. ತಿಂದರೆ ತುಟಿ ಊದಿ ಉಸಿರು ಕಟ್ಟುತ್ತಿತ್ತು. ಅವರಿಗೆ ಹೇಳಿಟ್ಟಿದ್ದೆ.

ಏಕೀಕರಣವಾದ ಮರುವರ್ಷ, ನಾನಿನ್ನೂ ಹೊಸ ಸೊಸೆ. ಬೀಗರ ಊಟದಲ್ಲಿ ಅತ್ತೆ ನನ್ನ ಎಲೆಗೆ ಶೇಂಗಾ ಚಟ್ನಿ ಬಡಿಸಿ, “ಬೇಡ ಅನ್ನೋದೆಲ್ಲ ಬಿಂಕ” ಎಂದರು. ಎಲ್ಲರೂ ನೋಡುತ್ತಿದ್ದರು. ತುತ್ತು ಕಲಸಿದೆ.

ಅಡುಗೆಮನೆಯ ಬಾಗಿಲಲ್ಲಿದ್ದ ಅಡುಗೆಯವರು ಓಡಿಬಂದು ನನ್ನ ಎಲೆಯನ್ನೇ ಎತ್ತಿಬಿಟ್ಟರು. ಉಣ್ಣುವವರ ಮುಂದಿನ ಎಲೆ ಎತ್ತುವುದೆಂದರೇನು!

“ಎಲೆ ಹರಿದಿತ್ತು, ತಪ್ಪು ನಂದೇ ರೀ” ಎಂದು ಕೈಮುಗಿದು ಬೇರೆ ಎಲೆ ಹಾಸಿದರು. ಬೈಗುಳವೆಲ್ಲ ಅವರಿಗೇ ಬಿತ್ತು.

ಎಲೆ ಎಲ್ಲೂ ಹರಿದಿರಲಿಲ್ಲ. ಇಂದಿಗೂ ಯಾರ ಮನೆಯಲ್ಲಿ ಊಟಕ್ಕೆ ಕೂತರೂ ನಾನು ಮೊದಲು ನೋಡುವುದು ಅಡುಗೆಮನೆಯ ಬಾಗಿಲನ್ನು.