ಹಳದಿಯ ಮೇಲೆ ಬಿಳಿ ಅಕ್ಷರ

ಓದುವಾಗ ನಮ್ಮ ಚರ್ಚಾಗುರುಗಳ ಕುತ್ತಿಗೆ ಎಡಕ್ಕೆ ವಾಲಿ, ಬಲಗಣ್ಣು ಮುಚ್ಚಿ, ಮೂಗಿನ ತುದಿ ಹಾಳೆಗೆ ತಾಗುತ್ತಿತ್ತು. ನಿವೃತ್ತರಾದ ಮೇಲೂ ಅವರು ಪ್ರತಿ ಗುರುವಾರ ದೊಡವಾಡದಿಂದ ಬೈಲಹೊಂಗಲಕ್ಕೆ ಒಬ್ಬರೇ ಬಂದು, ಕಾಲೇಜಿನ ಮಕ್ಕಳಿಗೆ ವಾದ ಮಂಡಿಸುವುದನ್ನು ಕಲಿಸುತ್ತಿದ್ದರು. ಕಡೆಯ ಬೆಂಚಿನಲ್ಲಿ ಕುಳಿತು, "ನನಗ ಮುಟ್ಟಲಿಲ್ಲಂದ್ರ ನೀ ಮಾತಾಡೇ ಇಲ್ಲ ನೋಡಪಾ" ಎನ್ನುತ್ತಿದ್ದರು. ನನಗೆ ಮಾತಾಡಲು ಕಲಿಸಿದವರು ಅವರೇ.

ಮರಳುವಾಗ ಅವರು ಬಸ್ಸಿಗೆ ಕಾಯುತ್ತಿದ್ದುದು ಪೇಟೆಯ ವರ್ತಕರೊಬ್ಬರು ಕಟ್ಟಿಸಿದ ತಂಗುದಾಣದಲ್ಲಿ. ಬರುವ ಬಸ್ಸುಗಳ ಊರು, ವೇಳೆ ಬರೆಯುತ್ತಿದ್ದ ಅಲ್ಲಿನ ಕರಿಹಲಗೆಯನ್ನು ತೆಗೆಸಿ ವರ್ತಕರು ದೊಡ್ಡ ವಿದ್ಯುತ್ ಪರದೆ ಹಾಕಿಸಿದರು: ಅರಿಶಿನದ ಹಿನ್ನೆಲೆ, ಬಿಳಿಯ ಅಕ್ಷರ, ಎಲ್ಲಕ್ಕಿಂತ ಮೇಲೆ ತಮ್ಮ ತಂದೆಯ ಹೆಸರು. ಗುರುಗಳಿಗೆ ಕಂಡದ್ದು ಬರಿಯ ಹಳದಿ ಬೆಳಕು. ಬಸ್ಸು ಯಾವುದೆಂದು ತಾವೇ ಓದಲಾಗದಿದ್ದರೆ ಮಗ ತಮ್ಮೊಬ್ಬರನ್ನೇ ಕಳುಹಿಸಲಾರನೆಂಬುದು ಅವರಿಗೆ ಗೊತ್ತಿತ್ತು.

ಗುರುಗಳೂ ನಾನೂ ವರ್ತಕರ ಅಂಗಡಿಗೆ ಹೋದೆವು. ಪರದೆಯ ಬಣ್ಣ ಅಲಂಕಾರದ ವಿಷಯವಲ್ಲ, ಓದುವವನ ಹಕ್ಕಿನ ವಿಷಯ ಎಂದು ನಾನು ಸುದೀರ್ಘವಾಗಿ ವಾದಿಸಿದೆ. ಹಳದಿ ಇರಲಿ, ಅಕ್ಷರ ಕಪ್ಪಾಗಲಿ ಎಂದೆ.

"ನೀವಂದದ್ದೆಲ್ಲಾ ಖರೇ ಅದರಿ," ಎಂದರು ವರ್ತಕರು. "ಆದ್ರ ಅಪ್ಪಾವ್ರು ಇನ್ನೂ ಗಟ್ಟಿ ಅದಾರ. ಅವ್ರ ಹೆಸರಿನ ಕೆಳಗ ಕರೀ ಅಕ್ಷರ ಕಂಡ್ರ ಮಂದಿ ಹಾರ ತಗೊಂಡು ಮನಿಗೆ ಬರತಾರ!"

"ಹಂಗಾರ ಕಡುನೀಲಿ ಮಾಡ್ರಿ," ಎಂದರು ಗುರುಗಳು.

"ದೂರದಿಂದ ಅದೂ ಕರೀದ ಕಾಣತೈತ್ರಿ."

"ಅದಕ್ಕ ಓದಾಕ ಬರತೈತ್ರೀ ಸಾವಕಾರ್ರ! ಈಗ ನಿಮ್ಮ ಅಪ್ಪಾವ್ರ ಹೆಸರೂ ಯಾರಿಗೂ ಕಾಣವಲ್ದು."

ವರ್ತಕರು ಮನಸಾರೆ ನಕ್ಕು ಚಹಾ ತರಿಸಿದರು. ಬಣ್ಣ ಬದಲಾಗಲಿಲ್ಲ.

ಆ ಮಳೆಗಾಲದಲ್ಲಿ ಗುರುಗಳು ದೊಡವಾಡದ್ದೆಂದು ಸವದತ್ತಿಯ ಬಸ್ಸು ಹತ್ತಿದರು. ಮಗ ಹೋಗಿ ಕರೆತಂದ. ಆಮೇಲೆ ಒಬ್ಬರನ್ನೇ ಹೊರಗೆ ಬಿಡಲಿಲ್ಲ. ನಾನು ಕರೆದೊಯ್ಯುತ್ತೇನೆಂದರೂ ಅವರು ಒಪ್ಪಲಿಲ್ಲ. "ಕೈ ಹಿಡಿಸಿಕೊಂಡು ಬಂದು, ನಿಮ್ಮ ಕಾಲಮ್ಯಾಲ ನೀವು ನಿಲ್ರಿ ಅಂತ ಹುಡುಗ್ರಿಗೆ ಯಾವ ಬಾಯಿಲೆ ಹೇಳ್ಲಿ?"

ನಾನು ಕಚೇರಿಯಿಂದ ಕಚೇರಿಗೆ ಮನವಿ ಕೊಟ್ಟೆ. ಎಲ್ಲರೂ ನನ್ನ ವಾದವನ್ನು ಒಪ್ಪಿದರು. ದಾನಿಗಳ ಪರದೆಯನ್ನು ಮುಟ್ಟಲು ಯಾರೂ ಸಿದ್ಧರಿರಲಿಲ್ಲ.

ಕಡೆಯ ಬಾರಿ ಕಂಡಾಗ ಗುರುಗಳು ಹಾಸಿಗೆ ಹಿಡಿದಿದ್ದರು. "ಅಕ್ಷರ ಬದಲ ಆದ್ವೇನು?" ಎಂದು ಕೇಳಿದರು.

"ಇಲ್ಲ ಸರ್."

"ಹಂಗಾರ ಹುಡುಗ್ರಿಗೆ ಇನ್ನ ಕಾಯಬ್ಯಾಡ್ರಿ ಅಂತ ಹೇಳಿಬಿಡು" ಎಂದರು.

ಹೇಳಲೆಂದು ಗುರುವಾರ ಕಾಲೇಜಿಗೆ ಹೋದೆ. ಅಲ್ಲಿ ಯಾರೂ ಕಾಯುತ್ತಿರಲಿಲ್ಲ. ಅದನ್ನು ಅವರಿಗೆ ತಿಳಿಸುವ ಧೈರ್ಯ ನನಗೆ ಬರುವ ಮೊದಲೇ ಅವರು ತೀರಿಕೊಂಡರು.