ಕೆಂಚನ ಕಾವಲು

ನಮ್ಮ ಮನೆಗೆ ಬಂದವರಿಗೆ ನೀರು ಕೊಟ್ಟರೆ ಅವರು ಲೋಟ ಕೆಳಗಿಡುವ ತನಕ ನಾನು ಅಲ್ಲೇ ನಿಂತಿರುತ್ತೇನೆ. ನೀರು ಗಂಟಲಿನಲ್ಲಿ ಸಲೀಸಾಗಿ ಇಳಿದದ್ದನ್ನು ಕಣ್ಣಾರೆ ಕಂಡ ಮೇಲೇ ಒಳಗೆ ಹೋಗುವುದು. ನಾನು ಪಿರಿಯಾಪಟ್ಟಣದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಮರ್ಯಾದೆ ಎಂದುಕೊಂಡಿದ್ದ ನಮ್ಮತ್ತೆ ಬರಬರುತ್ತಾ ನಗಲು ಶುರುಮಾಡಿದರು. "ಎಲ್ಲಿ ಲೋಟ ಎತ್ಕಂಡು ಓಡೋದಾರೋ ಅಂತ ಕಾಯ್ತಾಳೆ ಕಣ್ರೀ ನಮ್ಮ ಸೊಸೆ" ಎಂದು ನೆಂಟರ ಎದುರಿಗೇ ಹಂಗಿಸುತ್ತಾರೆ. ನೆಂಟರ ಜೊತೆ ನಾನೂ ನಗುತ್ತೇನೆ. ಆದರೆ ನನ್ನ ಕಣ್ಣು ಅವರ ಗಂಟಲಿನ ಮೇಲೆಯೇ ಇರುತ್ತದೆ. ಯಾಕೆಂದು ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ; ನಿಮಗೆ ಹೇಳುತ್ತೇನೆ.

ನನ್ನ ಓದು ನಾಲ್ಕನೇ ಕ್ಲಾಸಿಗೆ ಮುಗಿಯಿತು. ತಮ್ಮ ಮಾದೇವನನ್ನು ನೋಡಿಕೊಳ್ಳುವುದೇ ಆಮೇಲಿನ ನನ್ನ ಓದು. ಹುಣಸೂರಿಗೆ ಹತ್ತಿರ, ಲಕ್ಷ್ಮಣತೀರ್ಥದ ದಂಡೆಯ ಮೇಲೆ ನಮ್ಮ ಹಳ್ಳಿ. ಹೊಗೆಸೊಪ್ಪು ಬೇಯಿಸುವ ಕೆಲಸವೆಲ್ಲ ಮುಗಿದು, ಆಳುಗಳು ಅವರವರ ಊರಿಗೆ ಹೋಗಿ, ರಾಗಿ ಕಣಕ್ಕೆ ಬಂದಿದ್ದ ಕಾಲ ಅದು. ಹುಣಸೂರಿನಲ್ಲಿ ಹುಚ್ಚುನಾಯಿಯ ಹಾವಳಿ ಎದ್ದಿದೆಯೆಂದೂ, ಕಟ್ಟದೆ ಬಿಟ್ಟ ನಾಯಿಗಳನ್ನು ಕೊಲ್ಲಿಸುತ್ತಾರೆಂದು ತಮಟೆ ಹೊಡೆಸಿದ್ದಾರೆಂದೂ ಸಂತೆಗೆ ಹೋದವರು ಸುದ್ದಿ ತಂದರು. ಕೇಳಿ ನಾವು ನಮ್ಮ ನಾಯಿ ಕೆಂಚನ ತಲೆ ಸವರಿದೆವು. ಹುಚ್ಚು ಎನ್ನುವುದು ಬೇರೆಯವರ ನಾಯಿಗೆ ಹಿಡಿಯುವ ರೋಗ ಎಂದು ಎಲ್ಲರಂತೆ ನಾವೂ ನಂಬಿದ್ದೆವು.

ಅದಾಗಿ ಒಂದು ವಾರವೂ ಆಗಿರಲಾರದು, ಹುಲ್ಲುಮೆದೆಯ ಪಕ್ಕದಲ್ಲಿ ಗೋಲಿ ಆಡುತ್ತಾ ಕೂತಿದ್ದ ಮಾದೇವನ ಮೊಣಕಾಲ ಕೆಳಗೆ ಕೆಂಚ ಬಾಯಿ ಹಾಕಿತು. ಅವನು ಅದರ ಬಾಲ ಎಳೆದಿರಲಿಲ್ಲ, ತುಳಿದಿರಲಿಲ್ಲ. ಸುಮ್ಮನೆ ಎದ್ದು ಬಂದು ಕಚ್ಚಿ, ಏನೂ ಆಗದ ಹಾಗೆ ಹೋಗಿ ಕೊಟ್ಟಿಗೆಯಲ್ಲಿ ಮಲಗಿತು. ಅಜ್ಜಿ ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಮೆತ್ತಿದಳು. ಅಪ್ಪ ಅವನನ್ನು ಕೂರಿಸಿಕೊಂಡು ಹುಣಸೂರಿನ ಆಸ್ಪತ್ರೆಗೆ ಗಾಡಿ ಹೊಡೆದ.

ಅಲ್ಲಿನ ಡಾಕ್ಟರು ಅಜ್ಜಿಯ ಮದ್ದನ್ನೆಲ್ಲ ಸೋಪಿನಲ್ಲಿ ತೊಳೆಸಿ ಹೇಳಿದ್ದನ್ನು ಅಪ್ಪ ಬಂದು ನಮಗೆ ಹೇಳಿದ. ನಾಯಿಯನ್ನು ಕೊಲ್ಲಬಾರದು, ಕಟ್ಟಿ ಹಾಕಿ ಹತ್ತು ದಿನ ನೋಡಬೇಕು. ಕೂಳು ಬಿಟ್ಟರೆ, ಜೊಲ್ಲು ಸುರಿಸಿದರೆ, ಬೊಗಳುವ ದನಿ ಬದಲಾದರೆ, ಸತ್ತರೆ ಅಥವಾ ತಪ್ಪಿಸಿಕೊಂಡರೆ ಆ ಗಳಿಗೆಯಲ್ಲೇ ಹುಡುಗನನ್ನು ಕರೆತರಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಬೇಕು. ಹತ್ತು ದಿನ ಕಳೆದೂ ನಾಯಿ ಗಟ್ಟಿಯಾಗಿದ್ದರೆ ಭಯವಿಲ್ಲ. ಸೂಜಿಯ ಮಾತಿಗೆ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ನನ್ನ ಕಡೆ ತಿರುಗಿ, ಬೀದಿಯವರೆಲ್ಲ ಕೇಳುವ ಹಾಗೆ, ನಾಯಿಯ ಕಾವಲು ನನ್ನ ಮಗಳದು, ಅವಳು ನೋಡಿ ಹೇಳಿದ್ದೇ ಮಾತು ಎಂದ. ಶಾಲೆ ಬಿಡಿಸಿದ ಮೇಲೆ ಯಾರಾದರೂ ನನ್ನನ್ನು ನಂಬಿ ಒಂದು ಕೆಲಸ ವಹಿಸಿದ್ದು ಅದೇ ಮೊದಲು. ಆ ಹೆಮ್ಮೆಯೇ ನನಗೆ ಮುಳುವಾಯಿತು.

ನಮ್ಮ ಕನ್ನಡದಲ್ಲಿ ಕಾವಲಿರುವುದಕ್ಕೂ ಕಾಯುವುದು ಎನ್ನುತ್ತಾರೆ, ಆಗಲಿ ಎಂದು ದಾರಿ ನೋಡುವುದಕ್ಕೂ ಕಾಯುವುದು ಎನ್ನುತ್ತಾರೆ. ನಾನು ಕೆಂಚನನ್ನು ಕಾಯಲಿಲ್ಲ; ಕೆಂಚ ಚೆನ್ನಾಗಿರಲಿ ಎಂದು ಕಾದೆ. ಎರಡಕ್ಕೂ ಎಷ್ಟು ದೂರವೆಂದು ಆಗ ತಿಳಿಯಲಿಲ್ಲ. ಮೊದಲೆರಡು ದಿನ ಅದು ಉಂಡಿತು. ಆಮೇಲೆ ಮುದ್ದೆಹಿಟ್ಟನ್ನು ಮೂಸಿ ಮುಖ ತಿರುಗಿಸಿ, ಕೊಟ್ಟಿಗೆಯಲ್ಲಿ ದನ ಕಟ್ಟುವ ಗೊಂತಿನ ಹಿಂದಿನ ಕತ್ತಲಿಗೆ ಸರಿದು ಕೂತಿತು. ಬೊಗಳಿದರೆ ಒಡೆದ ಕೊಳಲಿನ ಹಾಗೆ ದನಿ. ಸರಪಳಿ ಜಗ್ಗಿ ಜಗ್ಗಿ ಗಂಟಲು ಕಟ್ಟಿದೆ, ಕಟ್ಟಿದ ಬೇಸರಕ್ಕೆ ಕೂಳು ಬಿಟ್ಟಿದೆ ಎಂದು ನಾನೇ ಕಾರಣ ಹೊಂದಿಸಿಕೊಂಡೆ. ಕಾರಣ ಹೊಂದಿಸುವುದಕ್ಕೆ ಹೆಚ್ಚಿನ ಓದೇನೂ ಬೇಕಿಲ್ಲ. ಹಿಟ್ಟನ್ನು ಕೋಳಿಗಳಿಗೆ ಹಾಕಿ ಬರಿದಾದ ಚಿಪ್ಪನ್ನು ಅಂಗಳಕ್ಕೆ ತಂದಿಟ್ಟೆ. ಹೊಲದಿಂದ ಬಂದ ಅಪ್ಪ, "ಏನ್ ಮಾಡ್ತಾ ಅದೆ ಮಗ ನಾಯಿ?" ಎಂದು ಕೇಳಿದ.

"ಉಣ್ತಾ ಅದೆ ಕಣಪ್ಪ" ಎಂದೆ.

ಮಾರನೆಯ ದಿನ ಅದರ ಕೊರಳ ಚರ್ಮ ಕಿತ್ತುಹೋಗಿದ್ದು ಕಂಡು ಮರುಗಿ, ಕೊರಳಪಟ್ಟಿಯನ್ನು ಒಂದು ತೂತು ಸಡಿಲಿಸಿದೆ. ಬೆಳಗ್ಗೆ ಸಗಣಿ ಬಾಚಲು ಹೋದರೆ ಪಟ್ಟಿ ಇತ್ತು, ಸರಪಳಿ ಇತ್ತು, ಕೆಂಚ ಇರಲಿಲ್ಲ.

ಆಗಲೇ ಕೂಗಬೇಕಿತ್ತು. ಅಪ್ಪ ಇನ್ನೂ ಗಾಡಿಗೆ ಎತ್ತು ಹೂಡಿರಲಿಲ್ಲ. ಕೂಗಿದ್ದರೆ ಊಟದ ಹೊತ್ತಿಗೆ ಮಾದೇವ ಆಸ್ಪತ್ರೆಯಲ್ಲಿರುತ್ತಿದ್ದ. ನಾನು ಕೂಗಲಿಲ್ಲ. ಉಣ್ಣುತ್ತಾ ಇದೆ ಎಂದ ಮೊನ್ನೆಯ ಮಾತಿಗೆ ಏನೆನ್ನಲಿ ಎಂಬ ಚಿಂತೆ ಹತ್ತಿತೇ ಹೊರತು ತಮ್ಮನ ಚಿಂತೆ ಹತ್ತಲಿಲ್ಲ. ಹೊಗೆಸೊಪ್ಪು ಬೇಯಿಸುವ ನಮ್ಮ ಗೂಡು, ಆ ಬ್ಯಾರನ್ನಿನ ಹತ್ತಿರ ಕೆಂಚನ ಒಡಹುಟ್ಟು ಒಂದಿತ್ತು, ಒಂದೇ ಸೂಲಿನದು, ಅದೇ ಬಣ್ಣ, ಅದೇ ಕಿವಿ. ಸಾಕಿದ್ದ ಆಳುಗಳು ಊರಿಗೆ ಹೋದ ಮೇಲೆ ಅದು ಅಲ್ಲೇ ಬೂದಿಯಲ್ಲಿ ಬಿದ್ದಿರುತ್ತಿತ್ತು. ಹಿಟ್ಟು ತೋರಿಸಿದ್ದಕ್ಕೆ ಹಿಂದೆಯೇ ಬಂತು. ಕೆಂಚನ ಪಟ್ಟಿಯನ್ನು ಅದರ ಕೊರಳಿಗೆ ಕಟ್ಟಿದೆ. ಕೆಂಚನ ನಾಲಿಗೆಯ ಮೇಲೆ ಒಂದು ಕಪ್ಪು ಮಚ್ಚೆಯಿತ್ತು, ಇದಕ್ಕಿರಲಿಲ್ಲ, ಅಷ್ಟೇ ವ್ಯತ್ಯಾಸ. ನಾಯಿಯ ನಾಲಿಗೆಯನ್ನು ನೋಡುವವರು ಯಾರು?

ಬಂದ ನಾಯಿ ಹಸಿದಿತ್ತು. ಗಬಗಬನೆ ಉಂಡಿತು, ನೀರು ನೆಕ್ಕಿತು, ದಾರಿಹೋಕರಿಗೆಲ್ಲ ಗಟ್ಟಿ ದನಿಯಲ್ಲಿ ಬೊಗಳಿತು. ಅದು ಒಂದೊಂದು ತುತ್ತು ಉಂಡಾಗಲೂ ಅವ್ವನ ಮುಖ ಅರಳುತ್ತಿತ್ತು, ನಾನು ಬೇರೆ ಕಡೆ ನೋಡುತ್ತಿದ್ದೆ. ಹತ್ತು ದಿನ ತುಂಬಿದ ಬೆಳಗ್ಗೆ ಅಪ್ಪ ಅದನ್ನು ಬಿಚ್ಚಿ ಬೆನ್ನು ತಟ್ಟಿದ. ಅಜ್ಜಿ ದೇವರಿಗೆ ಹಣ್ಣುಕಾಯಿ ಮಾಡಿಸಿದಳು. ನನ್ನ ಪಾಲಿನ ಪ್ರಸಾದದ ಬಾಳೆಹಣ್ಣನ್ನು ಮಾದೇವನಿಗೇ ಕೊಟ್ಟೆ. ಅದೇ ವಾರ ವೀರನಹೊಸಹಳ್ಳಿಯ ಕಡೆಯಿಂದ ಬಂದ ಗಾಡಿಯವನೊಬ್ಬ, ಅಲ್ಲಿ ಕರುವಿಗೆ ಕಚ್ಚಿದ ಕೆಂಚು ನಾಯಿಯೊಂದನ್ನು ದೊಣ್ಣೆಯಿಂದ ಬಡಿದು ಕೊಂದರೆಂದು ಜಗಲಿಯಲ್ಲಿ ಕೂತು ಹೇಳಿದ. ನಮ್ಮ ಸೀಮೆಯಲ್ಲಿ ಕೆಂಚು ನಾಯಿಗಳಿಗೇನು ಬರವೇ? ಅದರ ನಾಲಿಗೆ ಹೇಗಿತ್ತೆಂದು ನಾನು ಕೇಳಲಿಲ್ಲ. ಕೇಳಿದರೆ ತಿಳಿದುಬಿಡುತ್ತದಲ್ಲ ಎಂಬ ಹೆದರಿಕೆ.

ಹಾವಿನ ವಿಷವಾದರೆ ಬೆಳಗಾಗುವುದರೊಳಗೆ ಲೆಕ್ಕ ತೀರಿಸುತ್ತದೆ. ಈ ವಿಷಕ್ಕೆ ಅವಸರವಿಲ್ಲ. ಅದು ತಿಂಗಳುಗಟ್ಟಲೆ ಮೈಯೊಳಗೆ ಮಲಗಿದ್ದು, ಎದ್ದ ದಿನ ಮನುಷ್ಯ ನೀರಿನ ಲೋಟ ಕಂಡರೆ ನಡುಗುತ್ತಾನೆ, ಆಮೇಲೆ ಯಾವ ಮದ್ದೂ ಇಲ್ಲ ಎಂದು ಊರಿನವರು ಹೇಳುವುದನ್ನು ಕೇಳಿದ್ದೆ. ಅಂದಿನಿಂದ ಮಾದೇವನಿಗೆ ನೀರು ಕೊಡುವ ಕೆಲಸವನ್ನು ಯಾರಿಗೂ ಬಿಡಲಿಲ್ಲ. ಮುಂದಿನ ಮಳೆಗಾಲ ಅವನಿಗೆ ಜ್ವರ ಬಂತು. ಗಂಟಲು ನೋವೆಂದು ನನ್ನ ಕೈಯ ಲೋಟವನ್ನು ದೂಡಿದ. ನೀರು ಚೆಲ್ಲಿ ನನ್ನ ಲಂಗ ನೆನೆಯಿತು. ನಾನು ಕೊಟ್ಟಿಗೆಗೆ ಹೋಗಿ ಗೊಂತನ್ನು ಅಪ್ಪಿ ಕೂತೆ. ಈಗಲಾದರೂ ಹೇಳು ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು, ಇನ್ನು ಹೇಳಿ ಏನು ಬಂತು ಎಂದು ಅದೇ ಮನಸ್ಸು ಬಾಯಿ ಮುಚ್ಚಿಸುತ್ತಿತ್ತು. ಸಂಜೆಗೆ ಅವನು ಎದ್ದು ಮಜ್ಜಿಗೆ ಕೇಳಿ ಕುಡಿದ. ನಾನು ಅತ್ತಿದ್ದು ನೋಡಿ, ತಮ್ಮನ ಮೇಲೆ ಎಂಥ ಪ್ರೀತಿ ಎಂದರು ಅಕ್ಕಪಕ್ಕದವರು.

ವರ್ಷಗಳು ಕಳೆದು, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಇಲ್ಲಿನ ಡಾಕ್ಟರೊಬ್ಬರನ್ನು, ಯಾರದೋ ಮಾತೆಂಬಂತೆ, ಆ ವಿಷ ಎಷ್ಟು ಕಾಲ ಅಡಗಿರುತ್ತದೆಂದು ಕೇಳಿದೆ. ಸಾಮಾನ್ಯವಾಗಿ ಕೆಲವು ತಿಂಗಳು, ಎಲ್ಲೋ ಅಪರೂಪಕ್ಕೆ ವರ್ಷಗಳು ಎಂದರು. ಮೊದಲ ಮಾತು ಸಮಾಧಾನಕ್ಕೆ ಸಾಕಿತ್ತು. ನಾನು ಮನೆಗೆ ತಂದದ್ದು ಎರಡನೆಯದನ್ನು.

ಹೋದ ತಿಂಗಳು ಮಾದೇವ ನಮ್ಮಲ್ಲಿಗೆ ಬಂದಿದ್ದ. ಹುಣಸೂರಿನ ಹೈಸ್ಕೂಲಿನಲ್ಲಿ ಓದುತ್ತಿದ್ದಾನೆ, ಮೀಸೆ ಮೂಡುತ್ತಿದೆ. ವಾಪಸು ಹೊರಟವನನ್ನು ಬಸ್ಸಿಗೆ ಬಿಡಲು ಹೋದೆ. ಬಸ್ಸು ಇನ್ನೂ ಬಂದಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ನೀರು ಇಸಿದುಕೊಂಡು ಕುಡಿದು, ಬಾಯಿ ಒರೆಸುತ್ತಾ ನನ್ನನ್ನು ನೋಡಿ, "ಯಾಕಕ್ಕ, ಇನ್ನೂವೆ ನೋಡ್ತೀಯಾ?" ಎಂದ. ಆ 'ಇನ್ನೂವೆ' ನನ್ನ ಎದೆಗೆ ನಾಟಿತು. ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಕೋಳಿಗೆ ಹಾಕಿದ ಹಿಟ್ಟು, ಸಡಿಲಿಸಿದ ಪಟ್ಟಿ, ಬ್ಯಾರನ್ನಿನ ನಾಯಿ.

"ಗೊತ್ತು ಕಣಕ್ಕ. ಅದರ ನಾಲ್ಗೆ ಮ್ಯಾಲೆ ಮಚ್ಚೆ ಇರ್ನಿಲ್ಲ."

"ಮತ್ಯಾಕ್ಲಾ ಅಪ್ಪಂಗೆ ಹೇಳ್ನಿಲ್ಲ?"

"ನೀನು ಸುಮ್ಕಿದ್ದಲ್ಲ. ನಂಗೇನೂ ಆಗಾಕಿಲ್ಲ ಅಂತ ನಿಂಗೆ ಗೊತ್ತಿರ್ಬೇಕು ಅನ್ಕಂಡೆ."

ಸೂಜಿಗೆ ಹೆದರಿ ಹೇಳಲಿಲ್ಲ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಭಯವನ್ನು ನಾನೊಬ್ಬಳೇ ಹೊತ್ತಿದ್ದೇನೆಂದು ಒಳಗೊಳಗೇ ನನ್ನನ್ನು ನಾನು ಮೆಚ್ಚಿಕೊಂಡಿದ್ದೂ ಉಂಟು. ಆ ಹಸುಳೆ ನನ್ನ ಬಾಯಿ ಮುಚ್ಚಿದ್ದನ್ನೇ ಔಷಧಿಯೆಂದು ನುಂಗಿ, ನಾನು ಲೋಟ ಹಿಡಿದು ನಿಂತಾಗಲೆಲ್ಲ ನನ್ನ ಮುಖ ನೋಡಿಕೊಂಡೇ ನೀರು ಕುಡಿದಿತ್ತು.

ಮಾದೇವ ರಸ್ತೆಯ ಕಡೆ ನೋಡುತ್ತಾ ಕೇಳಿದ: "ಈಗ್ಲೂವೆ ಅಂಗೇ ಅನ್ಕಳ್ಳನಾ?"

ಹೂಂ ಎನ್ನುವುದು ಸುಲಭವಿತ್ತು. ಅಂಥ ಹೂಂಗಳಲ್ಲಿ ಪಳಗಿದವಳು ನಾನು.

"ನಂಗೊತ್ತಿಲ್ಲ ಕಣಪ್ಪ" ಎಂದೆ. "ಆವತ್ತೂ ಗೊತ್ತಿರ್ನಿಲ್ಲ."

ಹುಣಸೂರಿನ ಬಸ್ಸು ಬಂದು ನಿಂತಿತು. ಜನ ಹತ್ತಿದರು, ಇಳಿದರು, ಕಂಡಕ್ಟರು ನಮ್ಮ ಕಡೆ ನೋಡಿ ಸೀಟಿ ಊದಿದ. ಮಾದೇವ ಏಳಲಿಲ್ಲ. ತನ್ನ ಚೀಲವನ್ನು ನಮ್ಮಿಬ್ಬರ ನಡುವಿನಿಂದ ತೆಗೆದು ಆ ಕಡೆಗಿಟ್ಟು, ನನ್ನ ಪಕ್ಕಕ್ಕೆ ಸರಿದು ಕೂತ.