ಗೋಡೆ ಏರಿದ ಎತ್ತು

ಜಮಖಾನೆಯನ್ನು ಗೋಡೆಗೆ ಹಾಕಿದವಳು ನಾನೇ. ಬೇರೆ ಯಾರ ಮೇಲಾದರೂ ಹೊರಿಸುವಂತಿದ್ದರೆ ಎಂದೋ ಹೊರಿಸಿ ಹಗುರಾಗುತ್ತಿದ್ದೆ, ನನ್ನ ಸ್ವಭಾವ ಅಂಥದೇ.

ಅದನ್ನು ನೇಯ್ದವಳು ಅವ್ವ. ತವರೂರು ಮನೋಳಿಯಲ್ಲಿ ನೆರೆಮನೆಯ ಮುದುಕಿಯಿಂದ ಮಗ್ಗದ ಕೆಲಸ ಕಲಿತು, ಮದುವೆಯಾಗಿ ಮುರಗೋಡಕ್ಕೆ ಬಂದ ಹೊಸತರಲ್ಲಿ ನೇಯ್ದದ್ದು. ಕೆಂಪು ನೆಲ, ನಡುವೆ ಒಂದು ಬಿಳಿ ಎತ್ತು. ದೇವರ ಎತ್ತಲ್ಲ. ಆಗ ನಮ್ಮ ಕೊಟ್ಟಿಗೆಯಲ್ಲಿದ್ದ, ಮೇವು ಹಾಕಲು ಹೋದವರನ್ನೇ ಹಾಯುತ್ತಿದ್ದ ಮಹಾ ಮೊಂಡ ಎತ್ತು.

ಜಮಖಾನೆಯಲ್ಲಿ ಬಣ್ಣ ಬದಲಾಗುವ ಕಡೆ ನೂಲು ಹಿಂದಕ್ಕೆ ತಿರುಗುತ್ತದೆ, ಅಲ್ಲಿ ಸಣ್ಣ ಸೀಳು ಉಳಿಯುತ್ತದೆ. ಕಣ್ಣು ಪೂರಾ ಹೋದ ಮೇಲೆ ಅವ್ವ ಮಂಚದ ಮೇಲೆ ಅದನ್ನೇ ಹಾಸಿಕೊಂಡು, ಆ ಸೀಳುಗಳ ಮೇಲೆ ಬೆರಳಾಡಿಸಿ ಎತ್ತಿನ ಕೋಡು, ಬೆನ್ನು ಹುಡುಕುತ್ತಾ ಕೂರುತ್ತಿದ್ದಳು. "ಇದು ಕ್ವಾಡ. ಇದು ಡುಬ್ಬ. ಇಲ್ಲಿ ನಿಮ್ಮಣ್ಣ ತೊಟ್ಟಿಲದಾಗ ಅಳಾಕ ಹತ್ತಿದ್ದ, ಎದ್ದು ಹ್ವಾದೆ, ಒಂದು ಎಳಿ ತಪ್ಪೇತಿ ನೋಡು." ಅವಳಿಗೆ ಕಾಣುತ್ತಿದ್ದ ವಸ್ತು ಈ ಭೂಮಿಯ ಮೇಲೆ ಅದೊಂದೇ. ನನಗೆ ಅದು ಆಗ ಹೊಳೆಯಲಿಲ್ಲ.

ನಾನು ಬೈಲಹೊಂಗಲದಲ್ಲಿ ಸಾಲಿ ಕಲಿಸುವವಳು. ಒಮ್ಮೆ ಧಾರವಾಡದ ಪ್ರದರ್ಶನವೊಂದರಲ್ಲಿ ಹಳೆಯ ಜಮಖಾನೆಗಳನ್ನು ಗೋಡೆಯ ಮೇಲೆ, ಗಾಜಿನ ಹಿಂದೆ ಕಂಡೆ. ಇಂಥವನ್ನು ನೆಲಕ್ಕೆ ಹಾಸುವುದು ಪಾಪ ಎಂದು ಅಲ್ಲಿದ್ದವರು ಹೇಳಿದರು. ಶಾಣ್ಯಾತನ ಎಲ್ಲಿಂದ ಬರುತ್ತದೋ ಏನೋ, ಮುಂದಿನ ರವಿವಾರವೇ ಮುರಗೋಡಕ್ಕೆ, ಅವ್ವ ಇರುವ ಅಣ್ಣನ ಮನೆಗೆ ಹೋದೆ.

"ಅವ್ವಾ, ಇದನ್ನ ಪಡಸಾಲಿ ಗ್ವಾಡಿಗೆ ಹಾಕೂಣು. ಹಾಸಿ ಹಾಸಿ ಹರದು ಹೊಕ್ಕೈತಿ."

"ನನಗೇನ ಕಾಣತೈತಿ? ನಾಕ ಮಂದಿ ನೋಡ್ತಾರ ಅಂದ್ರ ಹಾಕು," ಎಂದಳು. ಮಂಚದಿಂದ ತಾನೇ ಎದ್ದು ಮಡಚಿ ಕೊಟ್ಟಳು.

ಹಾಸಿಗೆಯಾಗಿದ್ದಷ್ಟು ದಿನ ಅದು ಎತ್ತು. ಗೋಡೆ ಏರಿದ ಮರು ಸೋಮವಾರವೇ ಬಸವಣ್ಣ ಆಯಿತು. ವೈನಿ, ಅಂದರೆ ಅಣ್ಣನ ಹೆಂಡತಿ, ಅದರ ಹಣೆಗೆ ಮೂರು ಬೆರಳು ವಿಭೂತಿ ಎಳೆದಿದ್ದರು. ನಾನು ನಕ್ಕುಬಿಟ್ಟೆ. ಶ್ರಾವಣ ಬರುವಷ್ಟರಲ್ಲಿ ಓಣಿಯ ಹೆಂಗಸರು ಕುಂಕುಮ ತಂದರು, ಕಾಯಿ ಒಡೆದು ನೀರು ಚಿಮುಕಿಸಿದರು, ದೀಪದ ಎಣ್ಣೆಯ ಕೈಯನ್ನೇ ಮುಟ್ಟಿಸಿ ನಮಸ್ಕರಿಸಿದರು. ಮುಂದಿನ ವರ್ಷ ಕಾರಹುಣ್ಣಿಮೆಗೆ, ನಿಜವಾದ ಎತ್ತಿಗೆ ತಿನ್ನಿಸುವಂತೆ, ಬಾಯಿಗೆ ಹೋಳಿಗೆಯನ್ನೂ ಹಚ್ಚಿದರು. ಇರುವೆ ಸಾಲುಗಟ್ಟಿ ಬಂದವು.

"ವೈನಿ, ಇದು ದೇವರಲ್ಲರಿ, ಹಾಸಿಗಿ. ಇದರ ಮ್ಯಾಲೆ ನಾವೆಲ್ಲಾ ಉಚ್ಚಿ ಹೊಯ್ದು ಬೆಳದೇವಿ," ಅಂದೆ.

ವೈನಿ ಕಿವಿ ಮುಚ್ಚಿಕೊಂಡರು. "ಹಂಗ ಅನಬಾರದರಿ. ಮಗ್ಗಲ ಮನಿ ಸೊಸಿ ಇಲ್ಲೇ ಬೇಡ್ಕೊಂಡಿದ್ಲು, ಸುಸೂತ್ರ ಬಾಣಂತಿ ಆದ್ಲು. ಈಗ ಇಳಿಸಿ, ಆ ಕೂಸಿಗೆ ಏನರ ಆದ್ರ ಯಾರ ಹೊಣಿ? ನೀವರ ಆಕ್ಕೀರೇನು?"

ನಾನು ಸಾಲಿಯಲ್ಲಿ ವಿಜ್ಞಾನ ಕಲಿಸುವವಳು. ಕೂಸಿಗೆ ಏನೂ ಆಗುವುದಿಲ್ಲ ಎಂದು ಗೊತ್ತು, ಆದರೂ ಹೊಣೆ ನನ್ನದು ಎನ್ನುವ ಧೈರ್ಯ ಬರಲಿಲ್ಲ. ಅಣ್ಣನನ್ನು ಕೇಳಿದರೆ, "ಹೆಂಗಸರ ನಡುವ ನನ್ನ ಹಾಕಬ್ಯಾಡ," ಎಂದು ಹೊಲಕ್ಕೆ ಹೋದ. ಯಾರೂ ಇಲ್ಲದಾಗ ಹಸಿ ಅರಿವೆಯಿಂದ ಒರೆಸಿ ನೋಡಿದೆ. ವಿಭೂತಿ ಕೆಸರಾಗಿ ನೂಲಿನೊಳಗೆ ಇನ್ನಷ್ಟು ಇಳಿಯಿತು, ಬಿಳಿ ಎತ್ತಿನ ಮೈಗೆಲ್ಲ ಕುಂಕುಮ ಹರಡಿತು. ಅರಿವೆ ಹಿಡಿದುಕೊಂಡು ಅಲ್ಲೇ ಅತ್ತೆ.

ಕಳೆದ ದೀಪಾವಳಿಗೆ ಹೋದಾಗ ಅವ್ವನೇ ಕೇಳಿದಳು. "ಭಾಳ ದಿನ ಆತು. ನನ್ನ ಎತ್ತಿನ ಹಂತ್ಯಾಕ ಒಮ್ಮೆ ಕರಕೊಂಡು ಹೋಗು."

ಬೇಡ ಎನ್ನಲು ನೆಪ ಹುಡುಕಿದೆ, ಸಿಗಲಿಲ್ಲ. ಕೈಹಿಡಿದು ಗೋಡೆಯ ಮುಂದೆ ನಿಲ್ಲಿಸಿದೆ. ಅವ್ವ ಎರಡೂ ಕೈ ಚಾಚಿ ಮೇಲಿಂದ ಕೆಳಗೆ ಸವರಿದಳು. ಸೀಳುಗಳೆಲ್ಲ ಎಣ್ಣೆ, ಬೂದಿ, ಬೆಲ್ಲ ಕೂಡಿ ಹೆಪ್ಪುಗಟ್ಟಿ ಮುಚ್ಚಿಹೋಗಿದ್ದವು. ಮತ್ತೊಮ್ಮೆ ಸವರಿದಳು. ಬೆರಳು ಮೂಸಿ ನೋಡಿದಳು. ಅಡುಗೆಮನೆಯಲ್ಲಿದ್ದ ವೈನಿಗೆ ಕೇಳಿಸಬಾರದೆಂದು ನನ್ನ ಕಿವಿಯ ಹತ್ತಿರ ಬಂದಳು.

"ಇದು ನಂದಲ್ಲ. ನಂದು ಯಾರಿಗರ ಮಾರಿದಿ ಏನ?"

"ಇಲ್ಲವ್ವಾ, ಇದ ಅದು," ಎಂದೆ. ನನ್ನ ದನಿಯೇ ನನಗೆ ಸುಳ್ಳು ಅನ್ನಿಸಿತು.

"ಮಾರಿದ್ರ ಮಾರೀನಿ ಅನ್ನು, ನಾ ಬೈಯೂದಿಲ್ಲ," ಎಂದು ಅವ್ವ ನನ್ನ ಬೆನ್ನು ಸವರಿದಳು. "ಯಾರ ಹಾಸ್ಕೊಂಡಾರ, ಅಷ್ಟ ಹೇಳು."